ಈಚಲ ಬೆಲ್ಲದ ಬೆನ್ನು ಹತ್ತಿ: ಬಂಗಾಳದ ಚಳಿಗಾಲದ ಸಿಹಿಗಳು

ಶುಕ್ರವಾರ, ಜನವರಿ 10, 2025. ಕೋಲ್ಕತ್ತಾ

ಸಿಹಿ ತಿನ್ನೋಕೆ ಅಂತಲೇ ಕೋಲ್ಕತ್ತಾಕ್ಕೆ ಹೋಗುವವರು ದುರ್ಗಾಪೂಜೆಗೆ ಹೋಗಬಾರದು, ಜನವರಿಯಲ್ಲಿ ಹೋಗಬೇಕು. ಪೂಜೆಯ ಹೊತ್ತಿಗೆ ಅಂಗಡಿಗಳಲ್ಲಿ ಇರುವುದು ಸಕ್ಕರೆಯ ಸಿಹಿ. ಚಳಿ ಬಿದ್ದ ಮೇಲೆ ನೊಲೆನ್ ಗುರ್ ಬರುತ್ತದೆ. ಅಂದರೆ ಖರ್ಜೂರದ ಜಾತಿಯ ಖೇಜೂರ್ ಮರದ ಹೊಸ ಬೆಲ್ಲ. ಅದು ಬಂತೆಂದರೆ ಸಂದೇಶ್, ರಸಗುಲ್ಲ, ಪಾಯಸ ಎಲ್ಲವೂ ಬಿಳಿ ಬಣ್ಣ ಬಿಟ್ಟು ತಿಳಿ ಕಂದು ಬಣ್ಣಕ್ಕೆ ತಿರುಗುತ್ತವೆ. ಬೇಸಿಗೆ ಶುರುವಾದರೆ ಮತ್ತೆ ಬಿಳಿ.

ನಾನೂ ನನ್ನ ಹೆಂಡತಿಯೂ ಉಳಿದುಕೊಂಡದ್ದು ಬೆಹಾಲಾದಲ್ಲಿ, ಬೆಂಗಳೂರಿನ ನನ್ನ ಸಹೋದ್ಯೋಗಿಯ ಅಪ್ಪ-ಅಮ್ಮನ ಮನೆಯಲ್ಲಿ. ಅವನಿಗೆ ರಜೆ ಸಿಗಲಿಲ್ಲ, ನಮಗೆ ಸಿಕ್ಕಿತು. ಅವನ ಅಮ್ಮನನ್ನು ಮಾಶಿಮಾ ಅಂತಲೂ ಅಪ್ಪನನ್ನು ಮೇಶೋಮಶಾಯ್ ಅಂತಲೂ ಕರೆಯಬೇಕು ಎಂದು ಮೊದಲೇ ಹೇಳಿಕೊಟ್ಟಿದ್ದ. ಬಾಗಿಲು ತೆಗೆದ ಮೇಶೋಮಶಾಯ್ ತಲೆಯಿಂದ ಕುತ್ತಿಗೆವರೆಗೆ ಮಂಕಿ ಕ್ಯಾಪ್ ಹಾಕಿದ್ದರು. ಹೊರಗೆ ಹದಿನೈದು ಡಿಗ್ರಿ ಇದ್ದಿರಬೇಕು ಅಷ್ಟೆ. ಬಂಗಾಳಿಗಳ ಚಳಿ ಭಯದ ಬಗ್ಗೆ ಕೇಳಿದ್ದ ತಮಾಷೆಗಳೆಲ್ಲ ಸುಮ್ನೆ ಹುಟ್ಟಿದ್ದಲ್ಲ ಅನ್ನಿಸಿತು.

ಸಂಜೆ ಅವರೇ ಭವಾನೀಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಬಲರಾಮ್ ಮಲ್ಲಿಕ್ ಅವರ ಅಂಗಡಿ ಇದೆ, 1885ರದ್ದು. ಅಂಗಡಿ ಹಳೆಯದಾದರೂ ಸಿಹಿಗಳಲ್ಲಿ ಹೊಸ ಪ್ರಯೋಗ ಜಾಸ್ತಿ. ಬೇಕ್ ಮಾಡಿದ ರಸಗುಲ್ಲಕ್ಕೆ ಒಳ್ಳೆ ಹೆಸರು. ನನ್ನ ಗಮನವೆಲ್ಲ ಬಿಸಿ ಬೆಲ್ಲದ ಪಾಕದಲ್ಲಿ ಮುಳುಗಿದ್ದ ರಸಗುಲ್ಲದ ಮೇಲಿತ್ತು. ಮಣ್ಣಿನ ಕುಡಿಕೆಯಲ್ಲಿ ಎರಡು ಹಾಕಿ, ಮೇಲೆ ಪಾಕ ಸುರಿದು ಕೊಟ್ಟರು. ಸಕ್ಕರೆ ರಸಗುಲ್ಲದಲ್ಲಿ ಸಿಹಿ ಬಿಟ್ಟರೆ ಬೇರೆ ರುಚಿ ಹುಡುಕಿದರೂ ಸಿಗುವುದಿಲ್ಲ ಎಂಬುದು ನನ್ನ ಹಳೆಯ ತಕರಾರು. ಇದರಲ್ಲಿ ಹೊಗೆಯ ವಾಸನೆ ಇತ್ತು. ಸ್ವಲ್ಪ ಸುಟ್ಟ ಹಾಲಿನ ಹಾಗೆ, ಕೊನೆಗೆ ನಾಲಿಗೆಯ ಮೇಲೆ ಒಂದು ಸಣ್ಣ ಕಹಿ. ಕುಡಿಕೆಯ ತಳದಲ್ಲಿ ಉಳಿದ ಪಾಕವನ್ನೂ ಬಿಡಲಿಲ್ಲ.

"ಇದಕ್ಕೇ ಹೀಗೆ ಅಂದರೆ ಸೋಮವಾರ ಏನು ಮಾಡ್ತೀಯೋ" ಅಂದರು ಮೇಶೋಮಶಾಯ್. ಸೋಮವಾರ ಬೆಲ್ಲ ಕಾಯಿಸುವ ಊರಿಗೆ ಹೋಗುವುದೆಂದು ಅವರೇ ಗೊತ್ತು ಮಾಡಿದ್ದರು.

ಶನಿವಾರ. ಉತ್ತರ ಕೋಲ್ಕತ್ತಾ

ಸಿಹಿಯ ವಿಷಯದಲ್ಲಿ ಹಳೆಯ ಕೋಲ್ಕತ್ತಾ ಇರುವುದು ಉತ್ತರಕ್ಕೆ. ಹೆದುವಾ ಕೆರೆಯ ಹತ್ತಿರ, ರಾಮ್‌ದುಲಾಲ್ ಸರ್ಕಾರ್ ಬೀದಿಯಲ್ಲಿ ಗಿರೀಶ್ ಚಂದ್ರ ದೇ ಮತ್ತು ನಕುಡ್ ಚಂದ್ರ ನಂದಿ ಅಂತ ಉದ್ದ ಹೆಸರಿನ ಅಂಗಡಿ. ಜನ ಸುಮ್ನೆ ನಕುಡ್ ಅನ್ನುತ್ತಾರೆ. 1844ರದ್ದು. ಕೂರಲು ಕುರ್ಚಿ ಇಲ್ಲ, ರಸಗುಲ್ಲವೂ ಇಲ್ಲ. ಬರೀ ಸಂದೇಶ್.

ಸಂದೇಶ್ ಬಗ್ಗೆ ಒಂದು ಮಾತು. ಹಾಲು ಒಡೆಸಿ, ನೀರು ಹಿಂಡಿ ತೆಗೆದರೆ ಸಿಗುವ ಛೇನಾ ಅದರ ಮೂಲ. ಅದನ್ನು ಬೆಲ್ಲದ ಜೊತೆ ಬಾಣಲೆಯಲ್ಲಿ ತಿರುವುತ್ತಾರೆ. ಬೇಗ ಇಳಿಸಿದರೆ ಮೆತ್ತಗಿನ ನೊರೊಮ್ ಪಾಕ್, ಇನ್ನಷ್ಟು ಹೊತ್ತು ಬಿಟ್ಟರೆ ಗಟ್ಟಿಯಾದ ಕೊಡಾ ಪಾಕ್. ಗಟ್ಟಿಯದ್ದನ್ನು ಶಂಖ, ಮೀನು, ಹೂವಿನ ಅಚ್ಚುಗಳಿಗೆ ಒತ್ತುತ್ತಾರೆ. ಅದು ಕೆಲವು ದಿನ ಇರುತ್ತದೆ, ಊರಿಗೆ ಒಯ್ಯಬಹುದು. ಮೆತ್ತಗಿನದ್ದು ಅವತ್ತೇ ತಿನ್ನಬೇಕು. ನಾವು ಅಂಗಡಿಗೇ ಹೋದವರಲ್ವಾ, ಮೆತ್ತಗಿನದ್ದನ್ನೇ ತಿಂದೆವು.

ಚಳಿಗಾಲದಲ್ಲಿ ಜಲಭರಾ ಎಂಬ ಸಂದೇಶ್‌ನ ಒಳಗೆ ಝೋಲಾ ಗುರ್ ಇರುತ್ತದೆ, ನಮ್ಮ ಮಲೆನಾಡಿನವರು ಜೋನಿ ಬೆಲ್ಲ ಅನ್ನುವಂಥ ನೀರು ಬೆಲ್ಲ. ಹೊರಗೆ ಸಂದೇಶ್, ಕಚ್ಚಿದರೆ ಒಳಗಿನದು ಚಿಮ್ಮುತ್ತದೆ. ಇದರ ಹುಟ್ಟಿನ ಕಥೆ ಚಂದನನಗರದ್ದು. ಪಕ್ಕದ ತೇಲಿನಿಪಾಡಾದ ಜಮೀನ್ದಾರರ ಮನೆಗೆ ಅಳಿಯ ಬಂದಾಗ ಅವನನ್ನು ಮಂಗ ಮಾಡಬೇಕೆಂದು ಮನೆಯ ಹೆಂಗಸರಿಗೆ ಆಸೆಯಾಯಿತಂತೆ. ಸೂರ್ಯ ಕುಮಾರ್ ಮೋದಕ್ ಎಂಬ ಮಿಠಾಯಿಗಾರ ತಾಳೆಹಣ್ಣಿನ ಆಕಾರದ ಸಂದೇಶ್ ಮಾಡಿ, ಒಳಗೆ ಪನ್ನೀರು ತುಂಬಿ ಕೊಟ್ಟನಂತೆ. ಅಳಿಯ ಜೋರಾಗಿ ಕಚ್ಚಿದ, ಜುಬ್ಬಾ ಒದ್ದೆಯಾಯಿತು. ಕಥೆ ಗೊತ್ತಿದ್ದೂ ನನ್ನ ಸ್ವೆಟರ್ ಮೇಲೆ ಬೆಲ್ಲ ಬಿತ್ತು. ಹೆಂಡತಿ ಮಾತ್ರ ಇಡೀ ತುಂಡನ್ನು ಒಮ್ಮೆಲೇ ಬಾಯಿಗೆ ಹಾಕಿಕೊಂಡಳು. ಸರಿಯಾದ ಕ್ರಮ ಅದೇ.

ಬೌಬಜಾರ್‌ನಲ್ಲಿ ಭೀಮ್ ಚಂದ್ರ ನಾಗ್, 1826ರ ಅಂಗಡಿ. ವೈಸರಾಯ್ ಕ್ಯಾನಿಂಗ್ ಅವರ ಹೆಂಡತಿಯ ಹೆಸರಿನ ಲೇಡಿಕೆನಿ ಎಂಬ ಸಿಹಿ ಇಲ್ಲಿಯದು ಅನ್ನುತ್ತಾರೆ. ಗೋಡೆಯಲ್ಲಿ ಬಂಗಾಳಿ ಅಂಕಿಗಳಿರುವ ಹಳೆಯ ಗಡಿಯಾರ ಇದೆ. ಸಿಹಿಗಿಂತ ಅದನ್ನು ನೋಡಲು ಹೆಚ್ಚು ಹೊತ್ತು ನಿಂತೆ.

ಬಾಗ್‌ಬಜಾರ್ ಕಡೆಯೂ ಹೋದೆವು. ನಬೀನ್ ಚಂದ್ರ ದಾಸ್ 1868ರಲ್ಲಿ ಸ್ಪಂಜಿನಂಥ ರಸಗುಲ್ಲ ಮಾಡಿದ್ದು ಇಲ್ಲೇ. ಬೆಂಗಳೂರಿನವರಿಗೆ ಈ ಮನೆತನದ ಗುರುತು ಬೇರೆ ರೀತಿಯಲ್ಲಿದೆ. 1965ರಲ್ಲಿ ಹಾಲಿನ ಅಭಾವ ಅಂತ ಪಶ್ಚಿಮ ಬಂಗಾಳ ಸರ್ಕಾರ ಛೇನಾದ ಸಿಹಿ ಮಾಡುವುದನ್ನೇ ನಿಷೇಧಿಸಿತ್ತು. ಮಿಠಾಯಿಗಾರರ ಒಲೆಗಳು ಆರಿದವು. ಮುಂದೆ 1972ರಲ್ಲಿ ನಬೀನ್ ದಾಸರ ವಂಶದವರ ಕೆ. ಸಿ. ದಾಸ್ ಅಂಗಡಿ ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯ ಮೂಲೆಯಲ್ಲಿ ಶುರುವಾಯಿತು. ನಮ್ಮ ಎಷ್ಟೋ ಜನ ಮೊದಲ ರಸಗುಲ್ಲ ತಿಂದದ್ದು ಅಲ್ಲೇ ಅಲ್ವಾ.

ದಿನದ ಕೊನೆಗೆ ಒಂದು ಸಣ್ಣ ಅಂಗಡಿಯಲ್ಲಿ ಮಾಖಾ ಸಂದೇಶ್ ಸಿಕ್ಕಿತು. ಅಚ್ಚಿಲ್ಲ, ಆಕಾರವಿಲ್ಲ. ಬಾಣಲೆಯಿಂದ ತೆಗೆದ ಬೆಚ್ಚಗಿನ ಛೇನಾ, ಬೆಲ್ಲ ಕಲಸಿದ ಮುದ್ದೆ, ಎಲೆ ದೊನ್ನೆಯಲ್ಲಿ ತೂಕ ಹಾಕಿ ಕೊಟ್ಟರು. ನನ್ನ ಪ್ರಕಾರ ಕೋಲ್ಕತ್ತಾದಲ್ಲಿ ತಿಂದದ್ದರಲ್ಲಿ ಇದೇ ಮೇಲು. ಚಾಕೊಲೇಟ್ ಸಂದೇಶ್ ಕೂಡ ಒಂದು ಕಡೆ ರುಚಿ ನೋಡಿದೆವು. ಅದರ ಬಗ್ಗೆ ಬರೆಯುವುದೇನೂ ಇಲ್ಲ.

ಭಾನುವಾರ. ಬಹಡು, ಜಯನಗರ

ಈ ಜಯನಗರ ನಮ್ಮ ಫೋರ್ತ್ ಬ್ಲಾಕಿನದಲ್ಲ. ಕೋಲ್ಕತ್ತಾದ ದಕ್ಷಿಣಕ್ಕೆ ಸುಮಾರು ಐವತ್ತು ಕಿಲೋಮೀಟರ್, ದಕ್ಷಿಣ 24 ಪರಗಣ ಜಿಲ್ಲೆಯ ಜಯನಗರ-ಮಜಿಲ್‌ಪುರ. ಅಲ್ಲಿನ ಮೋಯಾಗೆ, ಅಂದರೆ ಅರಳು-ಬೆಲ್ಲದ ಉಂಡೆಗೆ, 2015ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ.

ಸಿಯಾಲ್ದಾದಿಂದ ನಾಮ್‌ಖಾನಾ ಲೋಕಲ್ ಹತ್ತಿದೆವು. ಹತ್ತಿದೆವು ಅನ್ನುವುದಕ್ಕಿಂತ ಜನ ನಮ್ಮನ್ನು ಒಳಗೆ ತಳ್ಳಿದರು. ಸಂಕ್ರಾಂತಿಯ ಸ್ನಾನಕ್ಕೆ ಗಂಗಾಸಾಗರಕ್ಕೆ ರೈಲಿನಲ್ಲಿ ಹೋಗುವವರದ್ದೂ ಇದೇ ದಾರಿ. ಬಿಹಾರ, ರಾಜಸ್ಥಾನದಿಂದ ಬಂದ ಮುದುಕರು, ತಲೆ ಮೇಲೆ ಗಂಟು ಹೊತ್ತ ಹೆಂಗಸರು, ಬೂದಿ ಬಳಿದ ಸಾಧುಗಳು. ಬಾರೂಯಿಪುರ ದಾಟಿದ ಮೇಲೆ ಕಿಟಕಿಯ ಹತ್ತಿರ ಸ್ವಲ್ಪ ಜಾಗ ಸಿಕ್ಕಿತು. ಹೊರಗೆ ಕೊಯ್ಲಾದ ಗದ್ದೆ, ಕುಂಟೆ, ಬದುವಿನ ಮೇಲೆ ಸಾಲಾಗಿ ಖೇಜೂರ್ ಮರಗಳು. ಪ್ರತಿ ಮರದ ಕುತ್ತಿಗೆಗೂ ಒಂದು ಮಡಕೆ.

"ಅದು ಈಚಲು ಮರ ಅಲ್ವಾ?" ಅಂದಳು ಹೆಂಡತಿ.

ಹೌದು, ಈಚಲೇ. ನಾನು ಅಲ್ಲಿಯವರೆಗೆ ಖರ್ಜೂರ ಅಂದಾಗಲೆಲ್ಲ ಅರಬ್ ದೇಶದ ಮರವನ್ನೇ ಕಣ್ಣ ಮುಂದೆ ತಂದುಕೊಂಡಿದ್ದೆ. ಇದು ಅದರ ದಾಯಾದಿ. ಹಣ್ಣಿನಲ್ಲಿ ತಿರುಳು ಕಮ್ಮಿ, ಬೀಜವೇ ಜಾಸ್ತಿ. ಅವಳ ಊರು ತುಮಕೂರು ಜಿಲ್ಲೆ, ಹಳ್ಳದ ಪಕ್ಕದಲ್ಲೆಲ್ಲ ಈಚಲ ಮರ. ನಮ್ಮ ಕಡೆ ಈಚಲು ಅಂದರೆ ಪೊರಕೆ, ಚಾಪೆ, ಮುಖ್ಯವಾಗಿ ಹೆಂಡ. ಆ ಮರದಿಂದ ಒಂದು ಇಡೀ ನಾಡಿನ ಚಳಿಗಾಲದ ಸಿಹಿ ಹುಟ್ಟುತ್ತದೆ ಅಂತ ಗೊತ್ತಾಗಿ ಅವಳಿಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಜಯನಗರಕ್ಕೆ ಒಂದು ಸ್ಟೇಷನ್ ಮೊದಲೇ ಬಹಡುವಿನಲ್ಲಿ ಇಳಿದೆವು. ಮೋಯಾ ಹುಟ್ಟಿದ್ದು ತಮ್ಮ ಊರಲ್ಲಿ, ಹೆಸರು ಮಾತ್ರ ಜಯನಗರಕ್ಕೆ ಹೋಯಿತು ಎಂಬ ಸಿಟ್ಟು ಇಲ್ಲಿಯವರಿಗೆ ಇನ್ನೂ ಇದೆ. ಸ್ಟೇಷನ್ ಹೊರಗೆ ಸಾಲು ಅಂಗಡಿಗಳು. ಒಂದರ ಹಿಂದುಗಡೆ ಮಾಡುವುದನ್ನು ನೋಡಲು ಬಿಟ್ಟರು.

ಮೊದಲು ಖೋಯಿ, ಅಂದರೆ ಭತ್ತದ ಅರಳು. ಯಾವುದೋ ಭತ್ತ ನಡೆಯುವುದಿಲ್ಲ. ಕನಕಚೂರ್ ಎಂಬ ಸುವಾಸನೆಯ ತಳಿಯೇ ಬೇಕು. ಅದೂ ಚಳಿಗಾಲಕ್ಕೇ ಕೊಯ್ಲಿಗೆ ಬರುತ್ತದೆ. ಅರಳನ್ನು ಬಿಸಿ ನೊಲೆನ್ ಗುರ್‌ನಲ್ಲಿ ಹಾಕಿ ಮರದ ಸಟ್ಟುಗದಿಂದ ಹೊರಳಿಸುತ್ತಾರೆ. ಬೆಲ್ಲ ಕುಡಿದು ಅರಳು ಮೆತ್ತಗಾಗಲು ಬಿಡುತ್ತಾರೆ. ಆಮೇಲೆ ಖೋವಾ, ತುಪ್ಪ, ಏಲಕ್ಕಿ ಸೇರಿಸಿ ಅಂಗೈಯಲ್ಲಿ ಉಂಡೆ ಕಟ್ಟುವುದು. ಮೇಲೆ ಒಂದು ಒಣದ್ರಾಕ್ಷಿ, ಗೋಡಂಬಿ ಚೂರು. ಉಂಡೆ ಕಟ್ಟುತ್ತಿದ್ದವರ ಕೈ ಅರಳನ್ನು ಒತ್ತುತ್ತಲೇ ಇರಲಿಲ್ಲ, ಸುಮ್ನೆ ಗುಂಡಗೆ ತಿರುಗಿಸುತ್ತಿತ್ತು.

ಗುಟ್ಟು ಅಲ್ಲೇ ಇರುವುದು. ಒಳ್ಳೆಯ ಮೋಯಾ ಬೆರಳಲ್ಲಿ ಹಿಡಿದರೆ ನಿಲ್ಲಬೇಕು, ಬಾಯಿಗೆ ಹೋದರೆ ಉದುರಬೇಕು. ಹಿಂದಿನ ದಿನ ಕೋಲ್ಕತ್ತಾದ ರಸ್ತೆ ಬದಿಯಲ್ಲಿ "ಜಯನಗರದ ಮೋಯಾ" ಅಂತ ಡಬ್ಬದಲ್ಲಿ ಕೊಂಡದ್ದು ಹಲ್ಲಿಗೆ ಅಂಟುತ್ತಿತ್ತು, ಬರೀ ಸಕ್ಕರೆ. ಅದನ್ನು ಹೇಳಿದಾಗ ಅಂಗಡಿಯ ದಾದಾ ನಕ್ಕರು. ಚಳಿ ಸರಿಯಾಗಿ ಬೀಳುವ ಮೊದಲೇ ಮೋಯಾ ಬಂದರೆ ಅದರಲ್ಲಿ ಹೊಸ ಬೆಲ್ಲವೂ ಇಲ್ಲ, ಕನಕಚೂರ್ ಕೂಡ ಇಲ್ಲ ಅಂತ ತಿಳಿಯಿರಿ ಅಂದರು. ಮೋಯಾ ಹೆಚ್ಚೆಂದರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಫ್ರಿಜ್‌ನಲ್ಲಿ ಇಟ್ಟರೆ ಗಟ್ಟಿಯಾಗಿ ಹಾಳು. ಹಾಗಾಗಿ ಇದು ದೂರ ಹೋಗುವುದೇ ಇಲ್ಲ.

ಜಯನಗರ ಪೇಟೆಯಲ್ಲಿ ಸುತ್ತಾಡಿ, ಇನ್ನೆರಡು ಅಂಗಡಿಯಲ್ಲಿ ತಿಂದೆವು. ಬಹಡುವಿನದ್ದೇ ಒಂದು ಕೈ ಮೇಲು ಅಂತ ನಾನು, ಇಲ್ಲ ಇಲ್ಲಿಯದೇ ಅಂತ ಅವಳು. ಮಧ್ಯಾಹ್ನ ವಾಪಸ್ ಸಿಯಾಲ್ದಾ, ಅಲ್ಲಿಂದ ಕೃಷ್ಣನಗರ ಲೋಕಲ್. ರಾತ್ರಿ ಕೃಷ್ಣನಗರದಲ್ಲಿ ಸರ್‌ಭಾಜಾ ತಿಂದೆವು. ಹಾಲಿನ ಕೆನೆಯ ಪದರಗಳನ್ನು ತುಪ್ಪದಲ್ಲಿ ಕರಿದ ಸಿಹಿ. ಚೆನ್ನಾಗಿತ್ತು, ಆದರೆ ಅದು ಎಲ್ಲ ಕಾಲದಲ್ಲೂ ಸಿಗುತ್ತದೆ. ಇಷ್ಟು ಹೊತ್ತಿಗೆ ನಮಗೆ ಬೆಲ್ಲದ್ದೇ ಹುಚ್ಚು.

ಸೋಮವಾರ. ಮಾಜ್ದಿಯಾ ಹತ್ತಿರದ ಹಳ್ಳಿ

ಬೆಳಗಿನ ಜಾವ ನಾಲ್ಕೂವರೆಗೆ ಕಾರು ಬಂತು. ಮಂಜು ಎಷ್ಟಿತ್ತೆಂದರೆ ಡ್ರೈವರ್ ಒಂದೊಂದು ಸಲ ತಲೆ ಹೊರಗೆ ಹಾಕಿ ರಸ್ತೆ ನೋಡುತ್ತಿದ್ದ. ನಾದಿಯಾ ಜಿಲ್ಲೆಯ ಮಾಜ್ದಿಯಾ ಬಾಂಗ್ಲಾದೇಶದ ಗಡಿಯ ಹತ್ತಿರದ ಊರು. ಇಲ್ಲಿನ ಬೆಲ್ಲದ ಸಂತೆಯಿಂದ ಕೋಲ್ಕತ್ತಾಕ್ಕೆ ಮಾಲು ಹೋಗುತ್ತದೆ.

ಮರ ಹತ್ತಿ ರಸ ಇಳಿಸುವವರನ್ನು ಇಲ್ಲಿ ಶಿಯುಲಿ ಅನ್ನುತ್ತಾರೆ. ಮೇಶೋಮಶಾಯ್ ಪರಿಚಯದವರ ಮೂಲಕ ಸಿಕ್ಕ ಶಿಯುಲಿ ದಾದಾಗೆ ಅರವತ್ತು ದಾಟಿರಬೇಕು. ಲುಂಗಿ, ಶಾಲು, ಸೊಂಟಕ್ಕೆ ಹಗ್ಗ, ಬೆನ್ನಿಗೆ ಕತ್ತಿ. ನಾವು ಹೋದಾಗ ಆಗಲೇ ಅರ್ಧ ಮಡಕೆಗಳು ಇಳಿದಿದ್ದವು. ಬಿಸಿಲು ಬೀಳುವ ಮೊದಲು ಎಲ್ಲ ಇಳಿಸಬೇಕು. ಬಿಸಿಲು ತಾಗಿದರೆ ರಸ ಹುಳಿಯತ್ತ ಹೊರಡುತ್ತದೆ. ಆಮೇಲೆ ಅದು ತಾಡಿ, ನಮ್ಮ ಹೆಂಡ. ಮರ ಒಂದೇ, ರಸವೂ ಒಂದೇ. ಬೆಲ್ಲವೋ ಹೆಂಡವೋ ಎಂಬುದನ್ನು ಹೇಳುವುದು ಚಳಿ ಮತ್ತು ಗಡಿಯಾರ. ಚಳಿಯಿದ್ದರೆ ರಾತ್ರಿಯಿಡೀ ರಸ ಹುಳಿಯಾಗದೆ ಉಳಿಯುತ್ತದೆ. ಅದಕ್ಕೇ ಈ ಬೆಲ್ಲಕ್ಕೆ ಬೇರೆ ಕಾಲವೇ ಇಲ್ಲ.

ಕೆಲಸ ಶುರುವಾಗುವುದು ಚಳಿಗೂ ಮೊದಲೇ. ಮರದ ನೆತ್ತಿಯ ಹತ್ತಿರ ಒಂದು ಬದಿಯ ಗರಿಗಳನ್ನು ಸವರಿ, ತೊಗಟೆ ಕೆತ್ತಿ, ಕೆಲವು ದಿನ ಒಣಗಲು ಬಿಡುತ್ತಾರೆ. ಮತ್ತೆ ತೆಳ್ಳಗೆ ಕೆತ್ತಿ ಬಿದಿರಿನ ಸಣ್ಣ ನಳಿಕೆ ಹೊಡೆಯುತ್ತಾರೆ. ಸಂಜೆ ಮಡಕೆ ಕಟ್ಟಿದರೆ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ. ಆದರೆ ದಿನಾ ಕೆತ್ತುವಂತಿಲ್ಲ. ಮೂರು ದಿನ ರಸ ಇಳಿಸಿದರೆ ಮೂರು ದಿನ ಮರಕ್ಕೆ ವಿಶ್ರಾಂತಿ. ವಿಶ್ರಾಂತಿಯ ನಂತರದ ಮೊದಲ ರಾತ್ರಿಯ ರಸಕ್ಕೆ ಜಿರೇನ್ ಕಾಟ್ ಅನ್ನುತ್ತಾರೆ. ತಿಳಿಯಾಗಿ, ಸಿಹಿಯಾಗಿ ಇರುವುದು ಅದೇ. ಎರಡನೇ, ಮೂರನೇ ರಾತ್ರಿಗೆ ರುಚಿ ಇಳಿಯುತ್ತಾ ಹೋಗುತ್ತದೆ. ಒಳ್ಳೆಯ ನೊಲೆನ್ ಗುರ್ ಎಲ್ಲ ಜಿರೇನ್ ಕಾಟ್‌ನಿಂದಲೇ.

ದಾದಾ ಒಂದು ಗ್ಲಾಸ್ ತಣ್ಣನೆಯ ರಸ ಮುಂದಿಟ್ಟರು. ನಾನು ಕೈ ಮುಗಿದು ಬೇಡ ಅಂದೆ. ರಾತ್ರಿ ಹೊತ್ತು ಹಣ್ಣು ತಿನ್ನುವ ಬಾವಲಿಗಳೂ ಈ ಮಡಕೆಗೆ ಬಾಯಿ ಹಾಕುತ್ತವೆ. ಬಾಂಗ್ಲಾದೇಶದಲ್ಲಿ ನಿಪಾ ರೋಗ ಹೀಗೆ ಹಸಿ ರಸದಿಂದ ಹರಡಿದ್ದು ಸಾಬೀತಾಗಿದೆ. ಕಾಯಿಸಿದ ಬೆಲ್ಲಕ್ಕೆ ಆ ಭಯ ಇಲ್ಲ. ದಾದಾ ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಮಡಕೆಗಳಿಗೆ ಬಲೆ ಕಟ್ಟಿತ್ತು. ಆದರೂ ನಾನು ಕುಡಿಯಲಿಲ್ಲ, ನೀವು ಹೋದರೂ ಕುಡಿಯಬೇಡಿ.

ಮನೆಯ ಹಿಂದೆ ಮಣ್ಣಿನ ಉದ್ದ ಒಲೆ, ಅದರ ಮೇಲೆ ತಗಡಿನ ಅಗಲ ತಟ್ಟೆ. ರಸವನ್ನು ಬಟ್ಟೆಯಲ್ಲಿ ಸೋಸಿ ಸುರಿದು ಉರಿ ಹಾಕಿದವರು ದಾದಾನ ಹೆಂಡತಿ. ನಾವು ಅವರನ್ನು ಬೌದಿ ಅಂತ ಕರೆದೆವು. ಮರ ಹತ್ತುವುದು ಗಂಡಸರು, ಬೆಲ್ಲ ಮಾಡುವುದು ಹೆಂಗಸರು. ಹೆಸರು ಮಾತ್ರ ಶಿಯುಲಿಗೆ! ಒಣಗಿದ ಈಚಲ ಗರಿ, ಹುಲ್ಲು, ಕಡ್ಡಿ ಎಲ್ಲ ಒಲೆಗೆ. ಮೊದಲು ಬಿಳಿ ನೊರೆ, ಅದನ್ನು ತೆಗೆದು ಎಸೆಯುತ್ತಾರೆ. ಆಮೇಲೆ ರಸ ಹಳದಿ, ಕಿತ್ತಳೆ, ಕಂದು. ಎರಡು ಗಂಟೆ ಕಳೆದರೂ ಬೌದಿ ಆ ಜಾಗ ಬಿಟ್ಟು ಏಳಲಿಲ್ಲ. ಗುಳ್ಳೆ ದೊಡ್ಡದಾಗಿ ನಿಧಾನಕ್ಕೆ ಒಡೆಯಲು ಶುರುವಾದಾಗ ಒಂದು ಪಾಲನ್ನು ಝೋಲಾ ಗುರ್ ಅಂತ ತೆಗೆದಿಟ್ಟರು.

ಉಳಿದದ್ದು ಪಾಟಾಲಿಗೆ, ಅಂದರೆ ಅಚ್ಚು ಬೆಲ್ಲಕ್ಕೆ. ತಟ್ಟೆಯನ್ನು ಇಳಿಸಿ, ಅಂಚಿನಲ್ಲಿ ಸ್ವಲ್ಪ ಬೆಲ್ಲವನ್ನು ಕಡ್ಡಿಯಿಂದ ಉಜ್ಜಿದರು. ಅದು ಬೆಳ್ಳಗಾಗಿ ಮರಳು ಮರಳಾಯಿತು. ಇದೇ ಬೀಜ. ಬೀಜವನ್ನು ಉಳಿದ ಬೆಲ್ಲಕ್ಕೆ ಬೆರೆಸಿದರೆ ಎಲ್ಲ ಗಟ್ಟಿಯಾಗುತ್ತದೆ. ಬೆರೆಸಿ, ಬಟ್ಟೆ ಹಾಸಿದ ಮಣ್ಣಿನ ತಟ್ಟೆಗಳಿಗೆ ಸುರಿದರು. ಒಂದು ಕಿಲೋ ಬೆಲ್ಲಕ್ಕೆ ಎಂಟು-ಹತ್ತು ಲೀಟರ್ ರಸ ಬೇಕು ಅಂದರು ದಾದಾ.

ತಟ್ಟೆಗೆ ಅಂಟಿದ್ದನ್ನು ಬೌದಿ ಕೆರೆದು, ಮಂಡಕ್ಕಿ ಹಾಕಿ ಕಲಸಿ ನಮ್ಮಿಬ್ಬರಿಗೂ ಕೊಟ್ಟರು. ಬಿಸಿ, ಅಂಟು, ಹೊಗೆ ವಾಸನೆ. ಭವಾನೀಪುರದ ರಸಗುಲ್ಲದಲ್ಲಿ ಬಂದ ಆ ಸಣ್ಣ ಕಹಿಯ ಮೂಲ ಇಲ್ಲಿತ್ತು. ಇದರ ಮುಂದೆ ಯಾವ ಸಂದೇಶ್ ಕೂಡ ನಿಲ್ಲುವುದಿಲ್ಲ.

ವ್ಯವಹಾರದ ಮಾತು ಬಂದಾಗ ದಾದಾ ಸ್ವಲ್ಪ ಬಿಸಿಯಾದರು. ಮರಗಳು ಅವರದ್ದಲ್ಲ, ಸೀಸನ್‌ಗೆ ಗೇಣಿ. ಕೆಲವರು ದುಡ್ಡು ಕೇಳುತ್ತಾರೆ, ಕೆಲವರು ಬೆಲ್ಲವನ್ನೇ. ಮರಗಳೂ ಕಮ್ಮಿಯಾಗುತ್ತಿವೆ, ಇಟ್ಟಿಗೆ ಗೂಡಿಗೆ ಕಡಿದು ಮಾರುತ್ತಾರೆ. ಮಗ ಕೇರಳದಲ್ಲಿ ಗಾರೆ ಕೆಲಸ ಮಾಡುತ್ತಾನೆ, ಮರ ಹತ್ತುವುದಿಲ್ಲ. ಇನ್ನೊಂದು ಕಡೆ ಸಕ್ಕರೆ ಬೆರೆಸಿದ ಬೆಲ್ಲ ಅರ್ಧ ಬೆಲೆಗೆ ಸಿಗುತ್ತದೆ, ಕೊಳ್ಳುವವರು ಅದನ್ನೇ ಕೊಳ್ಳುತ್ತಾರೆ. ಗುರುತು ಹಿಡಿಯುವುದು ಹೇಗೆ ಅಂತ ಕೇಳಿದೆ. ಪಾಟಾಲಿಯ ಅಂಚನ್ನು ಎರಡು ಬೆರಳಲ್ಲಿ ಒತ್ತಿ ತೋರಿಸಿದರು. ಪುಡಿಯಾಯಿತು. ಕಲ್ಲಿನಂತೆ ಗಟ್ಟಿಯಿದ್ದು, ಒಡೆದಾಗ ಹರಳು ಮಿಂಚಿದರೆ ಸಕ್ಕರೆ. ಬಣ್ಣ ಜಾಸ್ತಿ ಚೆಂದ ಇದ್ದರೂ ಅನುಮಾನ ಪಡಬೇಕು.

ಎರಡು ಪಾಟಾಲಿ, ಒಂದು ಬಾಟಲಿ ಝೋಲಾ ಗುರ್ ಕೊಂಡೆವು. ಚೌಕಾಸಿ ಮಾಡುವ ಮನಸ್ಸಾಗಲಿಲ್ಲ.

ಮಂಗಳವಾರ, ಜನವರಿ 14. ಪೌಷ್ ಸಂಕ್ರಾಂತಿ, ಬೆಹಾಲಾ

ನಮಗೆ ಎಳ್ಳು-ಬೆಲ್ಲದ ದಿನ, ಇವರಿಗೆ ಪಿಠೆಯ ದಿನ. ಪಿಠೆ ಅಂದರೆ ಹೊಸ ಅಕ್ಕಿಯ ಹಿಟ್ಟು, ತೆಂಗಿನಕಾಯಿ, ಹೊಸ ಬೆಲ್ಲದಲ್ಲಿ ಮಾಡುವ ಹತ್ತಾರು ತಿಂಡಿಗಳ ಒಟ್ಟು ಹೆಸರು. ಅಂಗಡಿಯವರ ಕೆಲಸ ಅಲ್ಲ, ಮನೆಯ ಹೆಂಗಸರದ್ದು. ಈಗ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಮಾಶಿಮಾ ಎದುರು ಅದನ್ನು ಹೇಳಬಾರದು.

ಅವರ ತವರು ಬರ್ಧಮಾನ್ ಕಡೆ, ಭತ್ತದ ಸೀಮೆ. ಅಲ್ಲಿ ಸಂಕ್ರಾಂತಿಗೆ ಭತ್ತದ ಹುಲ್ಲಿನ ಸಣ್ಣ ಜಡೆ ಹೆಣೆದು, ಸಾಸಿವೆ ಹೂವು ಸೇರಿಸಿ ಕಣಜಕ್ಕೆ, ಪೆಟ್ಟಿಗೆಗೆ ಕಟ್ಟುತ್ತಾರೆ. ಆವ್ನಿ-ಬಾವ್ನಿ ಅಂತ ಅದರ ಹೆಸರು. ಫ್ಲ್ಯಾಟಿನಲ್ಲಿ ಕಣಜ ಎಲ್ಲಿಂದ ಬರಬೇಕು? ಮಾಶಿಮಾ ಅಕ್ಕಿ ಡಬ್ಬಕ್ಕೂ ಗೋದ್ರೇಜ್ ಬೀರುವಿಗೂ ಕಟ್ಟಿದ್ದರು.

ಮೊದಲು ಪಾಟಿಸಾಪ್ಟಾ. ಅಕ್ಕಿ ಹಿಟ್ಟು, ಮೈದಾ, ರವೆಯನ್ನು ಹಾಲಿನಲ್ಲಿ ತೆಳ್ಳಗೆ ಕಲಸಿ ಕಾವಲಿಯ ಮೇಲೆ ಹರಡಬೇಕು. ಒಳಗೆ ಕಾಯಿ-ಬೆಲ್ಲ-ಖೋವಾದ ಹೂರಣ ಇಟ್ಟು ಸುರುಳಿ ಸುತ್ತಬೇಕು. ಕಾವಲಿಗೆ ಎಣ್ಣೆ ಸವರಲು ಮಾಶಿಮಾ ಬದನೆಕಾಯಿಯ ತೊಟ್ಟನ್ನು ಇಟ್ಟುಕೊಂಡಿದ್ದರು. ನನ್ನ ಹೆಂಡತಿ ಹೋಳು ಈರುಳ್ಳಿ ಇಲ್ವಾ ಅಂತ ಕೇಳಿದಳು. "ಸಿಹಿಗೆ ಈರುಳ್ಳಿನಾ?" ಅಂತ ಮಾಶಿಮಾ ಗಾಬರಿಯಾದರು. ಆಮೇಲೆ ಕಾವಲಿ ಅವಳ ಕೈಗೇ ಬಂತು. ದೋಸೆ ಹುಯ್ದ ಕೈ, ಮೂರನೆಯದಕ್ಕೇ ಹದ ಸಿಕ್ಕಿತು.

ಮಧ್ಯಾಹ್ನದವರೆಗೆ ಒಲೆ ಆರಲಿಲ್ಲ. ಗೆಣಸಿನ ಹಿಟ್ಟಿನೊಳಗೆ ಕಾಯಿ ಹೂರಣ ತುಂಬಿ ಕರಿದು ಪಾಕಕ್ಕೆ ಬಿಟ್ಟ ರಾಂಗಾ ಆಲೂರ್ ಪುಲಿ. ಅಕ್ಕಿ ಹಿಟ್ಟಿನ ಪುಟ್ಟ ಕಡುಬುಗಳನ್ನು ಹಾಲಿನಲ್ಲಿ ಬೇಯಿಸಿದ ದೂಧ್ ಪುಲಿ. ಗೋಬಿಂದೊಭೋಗ್ ಅಕ್ಕಿಯ ಪಾಯಸ. ಹಾಲಿನ ಅಡುಗೆಗೆಲ್ಲ ಒಂದೇ ನಿಯಮ: ಒಲೆ ಆರಿಸಿ, ಕಾವು ಇಳಿದ ಮೇಲೆ ಬೆಲ್ಲ. ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ. ಬೆಲ್ಲ ಹಾಕುವಾಗ ಮಾಶಿಮಾ ಯಾರನ್ನೂ ಮಾತಾಡಿಸಲಿಲ್ಲ.

ಜಗಳ ಆದದ್ದು ಆಸ್ಕೆಯ ಮೇಲೆ. ಬರೀ ಅಕ್ಕಿ ಹಿಟ್ಟಿನ ದಪ್ಪ ಪಿಠೆ, ಮಣ್ಣಿನ ಬಟ್ಟಲಿನಲ್ಲಿ ಮುಚ್ಚಿ ಬೇಯಿಸಿದ್ದು. ಅದಕ್ಕೆ ಉಪ್ಪೂ ಇಲ್ಲ, ಸಿಹಿಯೂ ಇಲ್ಲ. ಬಿಸಿಯಿದ್ದಾಗಲೇ ಝೋಲಾ ಗುರ್‌ನಲ್ಲಿ ಅದ್ದಿ ತಿನ್ನಬೇಕು ಎಂದು ಮಾಶಿಮಾ. ಮೇಶೋಮಶಾಯ್ ಅವರ ಮನೆತನ ದೇಶ ವಿಭಜನೆಯಲ್ಲಿ ಬಾರಿಸಾಲ್‌ನಿಂದ ಬಂದದ್ದು. ಪೂರ್ವ ಬಂಗಾಳದವರು ಇದನ್ನು ಚಿತೋಯಿ ಅಂತ ಕರೆದು, ಬೆಲ್ಲದ ಹಾಲಿನಲ್ಲಿ ರಾತ್ರಿಯಿಡೀ ನೆನೆಸಿ ಮರುದಿನ ತಿನ್ನುತ್ತಾರೆ. "ನಲವತ್ತು ವರ್ಷದಿಂದ ಹೇಳ್ತಿದ್ದೀನಿ, ನೆನೆಸಿದ್ರೆ ಅದು ಗಂಜಿ" ಅಂದರು ಮಾಶಿಮಾ. "ನಲವತ್ತು ವರ್ಷದಿಂದ ನೆನೆಸಿಯೇ ತಿಂತಿದ್ದೀನಿ" ಅಂದರು ಅವರು. ತೀರ್ಪು ಕೊಡಿ ಅಂತ ಇಬ್ಬರೂ ನಮ್ಮನ್ನು ನೋಡಿದರು. ನಾವು ಪಾಯಸದ ಬಟ್ಟಲಿಗೆ ಕೈ ಹಾಕಿದೆವು.

ಹೆಂಡತಿ ಊರಿಂದ ತಂದಿದ್ದ ಎಳ್ಳು-ಬೆಲ್ಲದ ಪೊಟ್ಟಣ ತೆಗೆದಳು. ಸಕ್ಕರೆ ಅಚ್ಚೂ ಇತ್ತು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಎಂಬುದನ್ನು ಹಿಂದಿಯಲ್ಲಿ ಹೇಗೋ ದಾಟಿಸಿದಳು. ಮಾಶಿಮಾ ಒಳಗೆ ಹೋಗಿ ತಿಲೇರ್ ನಾಡು, ಅಂದರೆ ಎಳ್ಳುಂಡೆಯ ಡಬ್ಬ ತಂದರು. ಅವರಲ್ಲೂ ಈ ದಿನಕ್ಕೆ ಎಳ್ಳು ಆಗಲೇಬೇಕಂತೆ. ಒಣಕೊಬ್ಬರಿ ಚೂರುಗಳನ್ನು ಮಾತ್ರ ಅನುಮಾನದಿಂದ ನೋಡಿ, ಆಮೇಲೆ ಎರಡು ಸಲ ಹಾಕಿಸಿಕೊಂಡರು.

ಬುಧವಾರ. ವಾಪಸ್

ಹೋಗುವವರಿಗೆ ಒಂದು ಸೂಚನೆ. ಝೋಲಾ ಗುರ್ ದ್ರವ ಪದಾರ್ಥ, ವಿಮಾನದ ಕೈಚೀಲದಲ್ಲಿ ಬಿಡದೇ ಇರಬಹುದು. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೊಡ್ಡ ಬ್ಯಾಗಿಗೆ ಹಾಕಬೇಕು. ಪಾಟಾಲಿಯನ್ನು ಪೇಪರಿನಲ್ಲಿ ಸುತ್ತಿದರೆ ಸಾಕು, ಮನೆಗೆ ಬಂದ ಮೇಲೆ ಫ್ರಿಜ್‌ನಲ್ಲಿ ಇಡಿ. ಮೋಯಾ ಮಾತ್ರ ಫ್ರಿಜ್‌ಗೆ ಬೇಡ. ನಾವು ಬಹಡುವಿನಿಂದ ತಂದ ಡಬ್ಬ ಗುರುವಾರ ಆಫೀಸಿನಲ್ಲಿ ಟೀ ಹೊತ್ತಿಗೆ ತೆರೆಯಿತು. ಸಹೋದ್ಯೋಗಿ ಮೂರು ತಿಂದು, ನಾಲ್ಕನೆಯದನ್ನು ಟಿಶ್ಯೂನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಆಸ್ಕೆ ವಿಷಯದಲ್ಲಿ ನೀನು ಯಾರ ಪಕ್ಷ ವಹಿಸಿದೆ ಅಂತ ಕೇಳಿದ. ಅವನಮ್ಮ ಆಗಲೇ ಫೋನ್ ಮಾಡಿದ್ದರಂತೆ.